ಎಡಗೈ ಕಿರುಬೆರಳಿನ ಕೀ

ನನ್ನ ಎಡಗೈ ಕಿರುಬೆರಳಿಗೆ ಎಂಟು ವರ್ಷ ಒಂದೇ ನೌಕರಿ ಇತ್ತು. ಬಲಗೈ ಹೆಬ್ಬೆರಳು ಕೀಬೋರ್ಡಿನ ಕೆಳಸಾಲಿನಲ್ಲಿ ಮೆನು ತೆರೆಯುವ ಕೀ ಒತ್ತಬೇಕು, ಅದರ ಬೆನ್ನಿಗೇ ಕಿರುಬೆರಳು ಎ ಒತ್ತಬೇಕು. ಅಷ್ಟು ಮಾಡಿದರೆ ಬ್ರೌಸರಿನಲ್ಲಿ ನಾನು ನಿಂತಿರುವ ಲಿಂಕು ಕಾಪಿ ಆಗುತ್ತಿತ್ತು. ಟಕ್ ಟಕ್, ಮುಗಿಯಿತು. ದಿನಕ್ಕೆ ನೂರಾರು ಸಲ ಹೀಗೆ ಮಾಡುತ್ತಿದ್ದೆ. ಆ ಎ ಮೇಲೆ ನನಗಿದ್ದ ನಂಬಿಕೆ ಮನುಷ್ಯರಲ್ಲಿ ಬಹಳ ಕಡಿಮೆ ಜನರ ಮೇಲೆ ಇತ್ತು.

ನನಗೆ ಕಣ್ಣು ಕಾಣುವುದಿಲ್ಲ. ಈಗಲೇ ಹೇಳಿಬಿಡುವುದು ಒಳ್ಳೆಯದು. ಅರ್ಧ ಓದಿದ ಮೇಲೆ ಗೊತ್ತಾದರೆ ಜನ 'ಅಯ್ಯೋ ಪಾಪ' ಎಂದು ಶುರು ಹಚ್ಚುತ್ತಾರೆ, ಅದನ್ನು ಕೇಳಿಕೊಂಡು ಕೂಡುವಷ್ಟು ತಾಳ್ಮೆ ನನಗಿಲ್ಲ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ದನಿಯೊಂದು ನನ್ನ ಹೆಡ್‌ಫೋನಿನಲ್ಲಿರುತ್ತದೆ, ಕೈಯಲ್ಲಿ ಕೀಬೋರ್ಡ್ ಇರುತ್ತದೆ. ಮೌಸ್ ನನ್ನ ಟೇಬಲ್ಲಿನ ಮೇಲೂ ಇದೆ, ಹಾಳೆ ಹಾರದಂತೆ ಇಡಲು. ಮೆನುವಿನ ಪ್ರತಿ ಸಾಲಿನಲ್ಲೂ ಒಂದು ಅಕ್ಷರದ ಕೆಳಗೆ ಸಣ್ಣ ಗೆರೆ ಇರುತ್ತದಂತೆ. ಆ ಅಕ್ಷರ ಒತ್ತಿದರೆ ಆ ಸಾಲಿನ ಕೆಲಸ ಆಗಿಹೋಗುತ್ತದೆ. ಕಣ್ಣಿದ್ದವರನ್ನು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಆ ಗೆರೆ ಇದೆ ಎಂಬುದೇ ಗೊತ್ತಿರುವುದಿಲ್ಲ. ನನಗೆ ಮಾತ್ರ ಅವೆಲ್ಲ ಬಾಯಿಪಾಠವಾಗಿದ್ದವು.

ಕೀಗಳ ಮೇಲೆ ಇಷ್ಟು ನಂಬಿಕೆ ಹುಟ್ಟಿಸಿದವನು ಅಪ್ಪ. ಪುಣೆ ಹತ್ತಿರದ ದೇಹೂ ರೋಡಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ. ಹದಿನಾರನೆಯ ವಯಸ್ಸಿಗೆ ನನ್ನ ದೃಷ್ಟಿ ಪೂರ್ತಿ ಹೋದಾಗ ಮನೆಯಲ್ಲಿ ಎಲ್ಲರೂ ಅತ್ತರು. ಅಪ್ಪ ಮಾತ್ರ ಎಲ್ಲಿಂದಲೋ ಒಂದು ಹಳೆಯ ಟೈಪ್‌ರೈಟರ್ ಹೊತ್ತು ತಂದು ನನ್ನ ಮುಂದಿಟ್ಟ. "ಟೈಪ್ ಮಾಡೂ ಮಂದಿ ಕೀ ನೋಡೂದಿಲ್ಲವ್ವ. ನಾನೂ ನೋಡೂದಿಲ್ಲ. ಅಕ್ಷರ ಎಲ್ಲಿ ಕುಂತಾವೋ ಅಲ್ಲೇ ಕುಂತಿರ್ತಾವ, ನಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ" ಎಂದ. ಕಿರುಬೆರಳನ್ನು ಎ ಮೇಲೆ ಇಟ್ಟು ಅದೇ ನಿನ್ನ ಮನೆ ಎಂದು ತೋರಿಸಿದ. ಅಪ್ಪ ಹೋಗಿ ಆರು ವರ್ಷವಾಯಿತು. ಮೋಸ ಮಾಡದ ವಸ್ತು ಜಗತ್ತಿನಲ್ಲಿ ಒಂದಾದರೂ ಇದೆ ಎಂಬ ಅವನ ಮಾತನ್ನು ನಾನು ಹಿಂದೆ ಮುಂದೆ ನೋಡದೆ ನಂಬಿಕೊಂಡಿದ್ದೆ.

ನನ್ನ ಆಫೀಸು ಸ್ವಾರಗೇಟ್ ಹತ್ತಿರ. ದೊಡ್ಡ ಆನ್‌ಲೈನ್ ಅಂಗಡಿಯೊಂದರ ಕೆಲಸ ಗುತ್ತಿಗೆ ತೆಗೆದುಕೊಳ್ಳುತ್ತಾರೆ. ಒಂದೊಂದು ಸಾಮಾನಿನ ಪುಟ ಸರಿಯಾಗಿ ತೆರೆಯುತ್ತದೋ ಇಲ್ಲವೋ ನೋಡಿ, ಅದರ ಲಿಂಕನ್ನು ಕಾಪಿ ಮಾಡಿ ಶೀಟಿಗೆ ಹಾಕುವುದು ನನ್ನ ಪಾಲಿನ ಕೆಲಸ. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಣ್ಣು ಕಾಣದವರ ಪಕ್ಕದಲ್ಲಿ ಕಣ್ಣಿದ್ದ ಒಬ್ಬರನ್ನು ಕೂಡಿಸುತ್ತಾರೆ. ಮರಾಠಿಯಲ್ಲಿ ಜೋಡೀದಾರ ಎನ್ನುತ್ತಾರೆ. ಚಿತ್ರದಲ್ಲಿ ಏನಿದೆ ಎಂದು ದನಿಗೆ ಓದಲು ಬರದಿದ್ದರೆ ಜೋಡೀದಾರರು ಹೇಳಬೇಕು. ಸಂಜೆ 'ಇವರ ಕೆಲಸ ನಾನು ನೋಡಿದ್ದೇನೆ, ಸರಿ ಇದೆ' ಎಂದು ಸಹಿ ಹಾಕಬೇಕು. ಅದಕ್ಕಾಗಿ ಅವರಿಗೆ ಅವರ ಸ್ವಂತ ಕೆಲಸ ಅರ್ಧ ಇರುತ್ತದೆ, ಬೇರೆ ಕಡೆಗೆ ವರ್ಗ ಮಾಡುವುದಿಲ್ಲ.

ನನ್ನ ಜೋಡೀದಾರಳು ಮೈಸೂರು ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡನ ಕೆಲಸದ ಹಿಂದೆ ಪುಣೆಗೆ ಬಂದವಳು. ಮೊದಲ ದಿನ ಕನ್ನಡ ಕೇಳಿ ಅವಳು ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. "ಅಕ್ಕಾ, ನೀವು ಕನ್ನಡದವರಾ? ಈ ಮರಾಠಿ ಕೇಳಿ ಕೇಳಿ ತಲೆ ಕೆಟ್ಟುಹೋಗಿತ್ತು ನಂಗೆ" ಎಂದಳು. ನಾವು ವಿಜಯಪುರದ ಕಡೆಯವರು, ಅಜ್ಜನ ಕಾಲಕ್ಕೇ ಪುಣೆ ಸೇರಿದವರು. ನನ್ನ ಕನ್ನಡ ಅವಳಿಗೆ ನಗು ತರಿಸುತ್ತಿತ್ತು, ಅವಳ ಕನ್ನಡದಲ್ಲಿ ಎಷ್ಟು ಇಂಗ್ಲಿಷ್ ಇದೆ ಎಂದು ನಾನು ಎಣಿಸಿ ಛೇಡಿಸುತ್ತಿದ್ದೆ. ಇಬ್ಬರ ಮನೆಯೂ ಕಾತ್ರಜದಲ್ಲೇ. ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು, ಇಬ್ಬರೂ ಕೂಡಿ ಬಸ್ ಹತ್ತುತ್ತಿದ್ದೆವು.

ಮೊದಮೊದಲು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. "ನೀ ನನ್ನ ಹಿಡೀಬ್ಯಾಡ, ನಾ ನಿನ್ನ ಮೊಣಕೈ ಹಿಡೀತೀನಿ. ನೀ ಸುಮ್ಮನ ನಡಿ" ಎಂದು ಕಲಿಸಿದೆ. ಎರಡೇ ದಿನದಲ್ಲಿ ಕಲಿತಳು. ಅವಳ ಮೊಣಕೈ ಸ್ವಲ್ಪ ಹಿಂದಕ್ಕೆ ಬಂದರೆ ಮುಂದೆ ಮೆಟ್ಟಿಲಿದೆ ಎಂದರ್ಥ. ಮೈಗೆ ಅಂಟಿಕೊಂಡರೆ ದಾರಿ ಇಕ್ಕಟ್ಟು. ಕಾತ್ರಜದ ಹೈವೇ ದಾಟುವಾಗ, ಸಾತಾರಾ ಕಡೆಯ ಲಾರಿಗಳು ಕಿವಿಯ ಪಕ್ಕದಲ್ಲೇ ಹೋಗುತ್ತಿದ್ದರೂ ನಾನು ಆ ಮೊಣಕೈ ಹಿಡಿದು ಅವಳ ಅತ್ತೆಯ ಸುದ್ದಿ ಕೇಳುತ್ತ ದಾಟುತ್ತಿದ್ದೆ. ಅವಳಿಗೆ ಎರಡು ವರ್ಷದ ಮಗಳಿದ್ದಳು. ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಳಣಾಘರದಲ್ಲಿ ಬಿಟ್ಟು ಬರುತ್ತಿದ್ದಳು. ರವಿವಾರ ಆ ಮಗು ನಮ್ಮ ಮನೆಗೆ ಬಂದರೆ ನನ್ನ ತೊಡೆಯ ಮೇಲೆ ಕೂತು ಅಪ್ಪನ ಟೈಪ್‌ರೈಟರ್ ಕುಟ್ಟುತ್ತಿತ್ತು. ಮನೆಯವರ ಹಾಗೆಯೇ ಇದ್ದೆವು ಎಂದು ನಾನು ಅಂದುಕೊಂಡಿದ್ದೆ.

ಆದರೂ ಆ ಸಂಜೆಯ ಸಹಿ ನನಗೆ ಚುಚ್ಚುತ್ತಿತ್ತು. ನನ್ನ ಕೆಲಸದಲ್ಲಿ ತಪ್ಪು ಸಿಗುತ್ತಿದ್ದುದು ಅಪರೂಪ, ಅವಳೇ ಹಾಗೆ ಹೇಳುತ್ತಿದ್ದಳು. ಎಷ್ಟೋ ದಿನ ನೋಡದೆಯೇ ಸಹಿ ಹಾಕುತ್ತಿದ್ದಳು, ಆಮೇಲೆ ನಗುತ್ತಿದ್ದಳು. ಹಾಗಾದರೆ ಆ ಸಹಿ ಯಾತಕ್ಕೆ? ದೊಡ್ಡವಳಾದ ಮೇಲೂ ಶಾಲೆಯ ಪ್ರಗತಿಪತ್ರಕ್ಕೆ ಪಾಲಕರ ಸಹಿ ಹಾಕಿಸಿದಂತೆ ಇತ್ತು ಅದು. ಎಂಟು ವರ್ಷದಲ್ಲಿ ಜೋಡೀದಾರರು ಮೂವರು ಬದಲಾದರು, ಕಾಗದದ ಕೆಳಗಿನ ಹೆಸರು ಮಾತ್ರ ಒಂದು ದಿನವೂ ನನ್ನದಾಗಲಿಲ್ಲ. ಮ್ಯಾನೇಜರ್ ಬಾಯಿಗೆ ಅರ್ಜಿ ಕೊಟ್ಟೆ, ನನಗೆ ಒಂಟಿ ಟೇಬಲ್ ಬೇಕು ಎಂದು. ಇಲ್ಲಿ ಹೆಂಗಸರನ್ನು ಬಾಯಿ ಎನ್ನುವುದು ರೂಢಿ; ಆಕೆ ಒಳ್ಳೆಯ ಹೆಂಗಸು. ಮಾರ್ಚಿನಲ್ಲಿ ಒಂದು ಶುಕ್ರವಾರ ಗೊತ್ತು ಮಾಡಿದರು. ಬೆಳಿಗ್ಗೆಯಿಂದ ಊಟದ ಹೊತ್ತಿನತನಕ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕೆಲಸ ಸರಿ ಇದ್ದರೆ ಒಂಟಿ ಟೇಬಲ್ ನನ್ನದು, ಸಹಿಯೂ ನನ್ನದು.

ಬಸ್ಸಿನಲ್ಲಿ ಅವಳಿಗೆ ಹೇಳಿದೆ. "ಸೂಪರ್ ಅಕ್ಕ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆಮೇಲೆ ನನ್ನ ಎಲ್ಲಿಗೆ ಹಾಕ್ತಾರಂತೆ?" ಎಂದು ಕೇಳಿದಳು. "ಎಲ್ಲಿಗರೆ ಹಾಕ್ತಾರ ಬಿಡು, ನೀ ಶಾಣ್ಯಾ ಇದ್ದಿ" ಎಂದೆ. ಅಷ್ಟೇ ಹೇಳಿದೆ ನಾನು. ನನ್ನ ತಲೆಯಲ್ಲಿ ಆಗಲೇ ನನ್ನ ಸಹಿ ಓಡಾಡುತ್ತಿತ್ತು.

ಆ ಶುಕ್ರವಾರದ ವಾರ, ಸೋಮವಾರ ಬೆಳಿಗ್ಗೆ ಎಲ್ಲರಿಗೂ ಒಂದು ಮೇಲ್ ಬಂತು. ವಿಷಯದ ಜಾಗದಲ್ಲಿ 'ಎಲ್ಲರಿಗೂ' ಎಂದಷ್ಟೇ ಇತ್ತು. ಒಳಗೆ ಹೋದರೆ ನನ್ನ ದನಿ 'ಇಮೇಜ್' ಎಂದು ಸುಮ್ಮನಾಯಿತು. ನಮ್ಮ ಆಫೀಸಿನವರಿಗೆ ಈ ಚಟ ಇದೆ. ನಾಲ್ಕು ಸಾಲು ಬರೆಯುವ ಬದಲು ಬಣ್ಣ ಹಾಕಿ, ಅಂಚು ಕಟ್ಟಿ, ಚಿತ್ರ ಮಾಡಿ ಕಳಿಸುತ್ತಾರೆ. ಕಣ್ಣು ಕಾಣದವರನ್ನು ಕೆಲಸಕ್ಕಿಟ್ಟುಕೊಂಡಿದ್ದೇವೆ ಎಂದು ಬೋರ್ಡು ಹಾಕಿದವರಿಗೆ, ಅವರಿಗೆ ಚಿತ್ರ ಕಳಿಸಬಾರದು ಎಂಬುದು ಮಾತ್ರ ಹೊಳೆಯುವುದಿಲ್ಲ.

"ಚಿತ್ರ ಬಂದದಲಾ, ಏನದ ಅದರಾಗ?" ಎಂದು ಕೇಳಿದೆ.

ಅವಳ ಕುರ್ಚಿ ನನ್ನ ಪರದೆಯ ಕಡೆ ಸರಿದ ಸದ್ದಾಯಿತು. ಓದುತ್ತಿದ್ದಾಳೆ ಅಂದುಕೊಂಡೆ. "ಪಾಡವಾ ವಿಶಸ್ ಅಕ್ಕ" ಎಂದಳು. "ಗುಡಿ ಚಿತ್ರ ಹಾಕಿದಾರೆ."

ಇಲ್ಲಿ ಯುಗಾದಿಗೆ ಪಾಡವಾ ಎನ್ನುತ್ತಾರೆ; ಅವತ್ತು ಮನೆಯ ಮುಂದೆ ಕೋಲು ನಿಲ್ಲಿಸಿ ಸಿಂಗಾರ ಮಾಡುತ್ತಾರೆ, ಅದಕ್ಕೇ ಗುಡಿ ಎನ್ನುತ್ತಾರೆ. ಹಬ್ಬ ಇನ್ನೂ ವಾರ ಇತ್ತು, ಆದರೆ ನಮ್ಮವರಿಗೆ ಶುಭಾಶಯ ಕಳಿಸಲು ಯಾವಾಗಲೂ ಅವಸರ. "ಹೆಂಗದ ಹೇಳಲಾ" ಎಂದೆ. ಚಿತ್ರ ವರ್ಣಿಸುವುದರಲ್ಲಿ ಅವಳು ಜಾಣೆ, ನನಗೂ ಕೇಳುವ ಹುಚ್ಚು. ಅವಳು ಹೇಳಿದಳು. ಉದ್ದ ಕೋಲಿಗೆ ಹಳದಿ ರೇಷ್ಮೆ ಸೀರೆ ನೆರಿಗೆ ಹಿಡಿದು ಕಟ್ಟಿದ್ದಾರೆ, ಹಸಿರು ಅಂಚು. ಬೇವಿನ ಎಲೆ, ಸಕ್ಕರೆ ಸರ, ಮೇಲೆ ಬೋರಲು ಹಾಕಿದ ತಾಮ್ರದ ತಂಬಿಗೆ. ತಂಬಿಗೆಯ ಮೇಲೆ ಕುಂಕುಮದಲ್ಲಿ ಬೊಟ್ಟು. ಹದಿನಾರು ವರ್ಷ ನೋಡಿದ ಹಳದಿ ನನಗೆ ಇನ್ನೂ ನೆನಪಿದೆ. ಆ ಸೀರೆ ಕಣ್ಣ ಮುಂದೆ ಬಂತು. ಖುಷಿಯಿಂದ ಮ್ಯಾನೇಜರ್ ಬಾಯಿಗೆ ಅದೇ ಮೇಲ್‌ಗೆ ಉತ್ತರ ಬರೆದೆ: 'ನಿಮಗೂ ನಿಮ್ಮ ಮನೆಯವರಿಗೂ ಪಾಡವಾದ ಶುಭಾಶಯಗಳು.'

ಶುಕ್ರವಾರ ಬಂತು. ಅವಳು ದೂರದ ಸಾಲಿನಲ್ಲಿ ಕೂತಿದ್ದಳು. ನನ್ನ ಪಕ್ಕದ ಕುರ್ಚಿ ಖಾಲಿ. ಮೊದಲು ಅಂಗಡಿಯ ಮುಖಪುಟದ ವಿಳಾಸವನ್ನು ಶೀಟಿನ ತಲೆಗೆ ಹಾಕಿದೆ, ಅದನ್ನು ಬೇರೆ ರೀತಿ ಕಾಪಿ ಮಾಡುವುದು. ಆಮೇಲೆ ಶುರು. ಮೆನು ಕೀ, ಎ. ಶೀಟಿಗೆ ಹೋಗಿ ಪೇಸ್ಟ್. ವಾಪಸ್ ಬಂದು ಮುಂದಿನ ಸಾಮಾನು. ಮೆನು ಕೀ, ಎ. ಪೇಸ್ಟ್ ಆದದ್ದನ್ನು ದನಿ ಓದಲು ಹೋಗುತ್ತದೆ, ಆದರೆ ಎಲ್ಲ ಲಿಂಕೂ ಅಂಗಡಿಯ ಹೆಸರಿನಿಂದಲೇ ಶುರುವಾಗುತ್ತದೆ, ಆ ಹೆಸರು ಕೇಳಿದ ಕೂಡಲೇ ನಾನು ದನಿಯ ಬಾಯಿ ಮುಚ್ಚಿಸಿ ಮುಂದೆ ಓಡುತ್ತಿದ್ದೆ. ಎಂಟು ವರ್ಷದಿಂದ ಹಾಗೆಯೇ ಓಡಿದ್ದೆ. ಪೂರ್ತಿ ಕೇಳುತ್ತ ಕೂಡುವವರು ಹೊಸಬರು ಎಂಬ ಸೊಕ್ಕು ನನಗಿತ್ತು, ಇದ್ದದ್ದನ್ನು ಹೇಳುತ್ತೇನೆ. ಅವತ್ತಂತೂ ಬೆರಳು ತಾವಾಗಿಯೇ ಓಡುತ್ತಿದ್ದವು. ಅಪ್ಪ ಇದ್ದಿದ್ದರೆ ಕುರ್ಚಿಯ ಹಿಂದೆ ನಿಂತು ಕೇಳುತ್ತಿದ್ದ. ಊಟಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಮುಗಿಸಿ, ಕೈಕಟ್ಟಿ ಕೂತೆ.

ಮ್ಯಾನೇಜರ್ ಬಾಯಿ ಬಂದು ನನ್ನ ಪಕ್ಕ ಕೂತರು. ಬಹಳ ಹೊತ್ತು ಮೌಸಿನ ಚಕ್ರ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ, "ತಾಈ, ಹೇ ಕಾಯ್ ಝಾಲಂ?" ಎಂದರು. ಇದೇನಾಯಿತು ಎಂದು.

ಶೀಟಿನ ಎಲ್ಲ ಸಾಲಿನಲ್ಲೂ ಅಂಗಡಿಯ ಮುಖಪುಟದ ವಿಳಾಸವೇ ಇತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದೊಂದೇ.

ಆಕೆ ಬ್ರೌಸರ್ ತೆರೆದು ನೋಡಿದರು, ಆಗ ಎಲ್ಲ ಗೊತ್ತಾಯಿತು. ಅವತ್ತು ಬೆಳಿಗ್ಗೆಯಿಂದ ಎಲ್ಲ ಕಂಪ್ಯೂಟರಿನಲ್ಲೂ ಹೊಸ ಆವೃತ್ತಿ ಬಂದಿತ್ತು. ಲಿಂಕ್ ಕಾಪಿ ಮಾಡುವ ಅಕ್ಷರ ಎ ಇದ್ದದ್ದು ಎಲ್ ಆಗಿತ್ತು. ಎ ಬೇರೊಂದಕ್ಕೆ ಹೋಗಿತ್ತು, 'ಆಮೇಲೆ ಓದಲು ಎತ್ತಿಡು' ಎಂಬ ಸಾಲಿಗೆ. ಅದು ಸದ್ದೇ ಮಾಡದೆ ಎತ್ತಿಡುತ್ತದೆ. ಹೊಸದೇನೂ ಕಾಪಿ ಆಗದೆ, ಮೊದಲು ಕಾಪಿ ಮಾಡಿದ್ದ ಮುಖಪುಟದ ವಿಳಾಸವೇ ಪ್ರತಿ ಸಲ ಪೇಸ್ಟ್ ಆಗಿತ್ತು. ಬಾಯಿ ಆ ಪಟ್ಟಿ ತೆರೆದರು. ಬೆಳಿಗ್ಗೆಯಿಂದ ನಾನು ಮುಟ್ಟಿದ ಎಲ್ಲ ಲಿಂಕುಗಳೂ ಅಲ್ಲಿದ್ದವು, ಒಂದೂ ಬಿಡದೆ, ಸಾಲಾಗಿ, ಸರಿಯಾಗಿ. ನನ್ನ ಇಡೀ ಮುಂಜಾನೆಯ ಕೆಲಸ ಬೇರೆ ಮನೆಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಅಳು ಬರಲಿಲ್ಲ, ಕಿರುಬೆರಳನ್ನು ಕಡಿದು ಒಗೆಯಬೇಕು ಅನ್ನಿಸಿತು.

"ಆದ್ರ ಇದನ್ನ ಯಾರೂ ನನಗ ಹೇಳಲಿಲ್ಲ" ಎಂದು ಮರಾಠಿಯಲ್ಲಿ ಅಂದೆನೋ ಕನ್ನಡದಲ್ಲಿ ಅಂದೆನೋ ನೆನಪಿಲ್ಲ.

"ಸೋಮವಾರ ಮೇಲ್ ಕಳಿಸಿದ್ದೆವಲ್ಲ" ಎಂದರು ಆಕೆ. "ಯಾವ ಅಕ್ಷರ ಎಲ್ಲಿಗೆ ಹೋಗಿದೆ, ಎಲ್ಲ ಪಟ್ಟಿ ಮಾಡಿ ಹಾಕಿದ್ದೆವು. ನಿಮ್ಮ ಸಲುವಾಗಿಯೇ ಮಾಡಿಸಿದ್ದು ಅದು. ನೀವು ಉತ್ತರವನ್ನೂ ಬರೆದಿದ್ದಿರಿ." ಸ್ವಲ್ಪ ತಡೆದು, "ಪಾಡವಾದ ಶುಭಾಶಯ ಅಂತ ಬರೆದಿದ್ದಿರಿ. ನನಗೆ ವಿಚಿತ್ರ ಅನ್ನಿಸಿತು. ಓದಿದ್ದೀರಿ, ಹಬ್ಬದ ಹುರುಪಿನಲ್ಲಿ ಹಾಗೆ ಬರೆದಿರಬೇಕು ಅಂದುಕೊಂಡೆ" ಎಂದರು.

ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ನೆನಪಾದದ್ದು ಹಸಿರು ಅಂಚು. ಸುಳ್ಳು ಹೇಳುವವಳಿಗೆ ಅಂಚು ಯಾಕೆ ಬೇಕಿತ್ತು? ಶುಭಾಶಯ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ನಾನು ಕೇಳಿದೆ ಎಂದು ನೆರಿಗೆ ಹಿಡಿದು, ಬೇವು ಕಟ್ಟಿ, ತಂಬಿಗೆಗೆ ಕುಂಕುಮ ಹಚ್ಚಿ ನನ್ನ ಮುಂದೆ ನಿಲ್ಲಿಸಿದ್ದಳು. ನಾನು ಬಾಯಿ ತೆರೆದು ಕೇಳಿಕೊಂಡು ಕೂತಿದ್ದೆ. ಇಷ್ಟು ವರ್ಷ ಅವಳು ವರ್ಣಿಸಿದ ಬೇರೆ ಚಿತ್ರಗಳಲ್ಲಿ ಎಷ್ಟು ನಿಜ ಎಂಬ ಪ್ರಶ್ನೆ ಆಗ ಎದ್ದದ್ದು ಇನ್ನೂ ಕೂತಿಲ್ಲ. ಬಾಯಿಗೆ ನಾನು ಅವಳ ಹೆಸರು ಹೇಳಲಿಲ್ಲ. ಔದಾರ್ಯಕ್ಕಲ್ಲ. ಮೊದಲು ಅವಳ ಬಾಯಿಂದಲೇ ಕೇಳಬೇಕಿತ್ತು ನನಗೆ.

ಸಂಜೆ ಇಬ್ಬರೂ ಎಂದಿನಂತೆ ಕೂಡಿಯೇ ಬಸ್ ಹತ್ತಿದೆವು. ಕಾತ್ರಜದಲ್ಲಿ ಇಳಿದು, ರಸ್ತೆ ದಾಟುವ ಮೊದಲು ನಿಂತೆ. ಅವಳ ಮೊಣಕೈ ನನ್ನ ಕೈಯಲ್ಲೇ ಇತ್ತು.

"ಆ ಚಿತ್ರದಾಗ ಗುಡಿ ಇತ್ತೇನು?" ಎಂದು ಕೇಳಿದೆ.

ಅವಳ ಕೈ ಗಟ್ಟಿಯಾಯಿತು. ಒಂದು ಬಸ್ಸು ಬಂದು ನಿಂತು ಹೋಯಿತು. "ಇಲ್ಲ ಅಕ್ಕ" ಎಂದಳು.

"ನಿನಗ ಗೊತ್ತಿತ್ತು."

"ಗೊತ್ತಿತ್ತು. ಹೇಳಿದ್ರೆ ನೀವು ಪಾಸಾಗ್ಬಿಡ್ತಿದ್ರಿ." ಅಳುತ್ತಿದ್ದಳು. "ನನ್ನ ಹಿಂಜವಡಿ ಆಫೀಸಿಗೆ ಹಾಕ್ತಾರೆ ಅಂತ ಲಿಸ್ಟ್ ಬಂದಿತ್ತು ಅಕ್ಕ. ಅಲ್ಲಿಂದ ಕಾತ್ರಜಕ್ಕೆ ಬರೋಕೆ ಎರಡು ಗಂಟೆ. ಪಾಳಣಾಘರ ಆರಕ್ಕೆ ಕ್ಲೋಸ್. ಪಾಪುನ ಯಾರು ನೋಡ್ಕೋತಾರೆ? ನಾನು ಕೇಳ್ದೆ ನಿಮ್ಮನ್ನ, ನನ್ನ ಎಲ್ಲಿಗೆ ಹಾಕ್ತಾರಂತೆ ಅಂತ. ನೀವು ನಗಾಡ್ಕೊಂಡು ಬಿಟ್ಬಿಟ್ರಿ."

"ಪಾಪೂನ್ನ ನಮ್ಮವ್ವ ನೋಡ್ತಿದ್ಲು" ಎಂದೆ. "ಒಂದು ಮಾತು ಕೇಳಿದ್ರ ಸಾಕಿತ್ತು. ಟೇಬಲ್ಲ ಬ್ಯಾಡಂತ ಅಂದು ಬಿಡ್ತಿದ್ದೆನೋ ಏನೋ. ನೀ ಕೇಳಲಿಲ್ಲ. ನನಗ ಕಾಣೂದಿಲ್ಲಂತ ಗೊತ್ತಿದ್ದು ಅದನ್ನ ಉಪಯೋಗ ಮಾಡಿಕೊಂಡಿ."

ಆಮೇಲೆ ರಸ್ತೆ ದಾಟಿಸಿದಳು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ: ಅಷ್ಟೆಲ್ಲ ಆದ ಮೇಲೂ ಆ ಹೈವೇ ದಾಟಲು ನನಗೆ ಅವಳ ಮೊಣಕೈಯೇ ಬೇಕಾಗಿತ್ತು.

ಮ್ಯಾನೇಜರ್ ಬಾಯಿ ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಇಟ್ಟರು. ಹೊಸ ಅಕ್ಷರಗಳ ಪಟ್ಟಿಯನ್ನು ಈ ಸಲ ಬರೆದೇ ಕಳಿಸಿದರು. ಎಲ್ ಬಲಗೈ ಉಂಗುರಬೆರಳಿನ ಪಾಲಿನದು. ದಿನಾ ಮನೆಯಲ್ಲಿ ಕೂತು ಉಂಗುರಬೆರಳಿಗೆ ಹೊಸ ನೌಕರಿ ಕಲಿಸಿದೆ, ಪೇಸ್ಟ್ ಆದ ಪ್ರತಿ ಲಿಂಕನ್ನೂ ಕೊನೆಯ ಅಕ್ಷರದತನಕ ಕೇಳಿದೆ. ನಿಧಾನವಾಯಿತು, ಆದರೆ ತಪ್ಪಾಗಲಿಲ್ಲ. ಒಂಟಿ ಟೇಬಲ್ ಸಿಕ್ಕಿತು. ಈಗ ಸಂಜೆಯ ಕಾಗದಕ್ಕೆ ನಾನೇ ಸಹಿ ಹಾಕುತ್ತೇನೆ. ಮೊದಲ ದಿನ ಅಷ್ಟು ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳನ್ನು ಹಿಂಜವಡಿಗೆ ಹಾಕಿದರು, ಮನೆಯನ್ನೂ ಆ ಕಡೆಗೇ ಬದಲಿಸಿದರಂತೆ. ನಾನೀಗ ಬಿಳಿ ಕೋಲು ಹಿಡಿದು ಒಬ್ಬಳೇ ಬಸ್ ಹತ್ತುತ್ತೇನೆ. ಅವಸರದಲ್ಲಿದ್ದರೆ ಕಿರುಬೆರಳು ಇವತ್ತಿಗೂ ಎ ಕಡೆಗೇ ಹೋಗುತ್ತದೆ. ಗೇಟಿನ ಹತ್ತಿರ ಬಂದಾಗ ಎಡಗೈ ಅರ್ಧ ಮೇಲೇಳುತ್ತದೆ, ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಈ ವರ್ಷ ಪಾಡವಾದ ಬೆಳಿಗ್ಗೆ ಅವ್ವ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ನನ್ನ ಫೋನಿಗೆ ಮೆಸೇಜ್ ಬಂತು. ದನಿ ನನ್ನ ಹಳೆಯ ಜೋಡೀದಾರಳ ಹೆಸರು ಹೇಳಿ, 'ಇಮೇಜ್' ಎಂದು ನಿಂತಿತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಫೋನನ್ನು ಅವ್ವನ ಮುಂದೆ ಹಿಡಿದೆ.

"ಏನದ ನೋಡವ್ವ ಇದರಾಗ."

ಅವ್ವ ಕೈ ಒರೆಸಿಕೊಂಡು ನೋಡಿದಳು. "ಗುಡಿ ಅದ. ಹಳದಿ ರೇಷ್ಮಿ ಸೀರಿ ಉಡಿಸ್ಯಾರ, ಹಸರು ದಡಿ. ಬೇವು ಅದ, ಸಕ್ರಿ ಸರ ಅದ. ತಾಮ್ರದ ತಂಬಗಿ. ಬಾಜೂಕ ಆ ಕೂಸು ನಿಂತದ ನೋಡು, ಎಷ್ಟ ದೊಡ್ಡದಾಗ್ಯದ."

ನಾನು ಫೋನ್ ವಾಪಸ್ ತೆಗೆದುಕೊಂಡೆ. ಚಿತ್ರ ನೋಡಿ ಹೇಳುವ ಸೌಲಭ್ಯ ಈಗ ಫೋನಿನಲ್ಲೂ ಇದೆ, ನಾಲ್ಕು ಕಡೆ ಒತ್ತಬೇಕು. ಒತ್ತಿದೆ. ಫೋನು ಅದರ ಸಪ್ಪೆ ದನಿಯಲ್ಲಿ ಹೇಳಿತು: ಹಳದಿ ಬಟ್ಟೆ ಸುತ್ತಿದ ಕೋಲು, ಎಲೆಗಳು, ಲೋಹದ ಪಾತ್ರೆ, ಪಕ್ಕದಲ್ಲಿ ಒಂದು ಮಗು.

ಅವ್ವ ಇನ್ನೂ ಅಲ್ಲೇ ನಿಂತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ತವೆಯ ಮೇಲಿನ ಹೋಳಿಗೆ ಸೀಯುವ ವಾಸನೆ ಬರುತ್ತಿತ್ತು.

"ನಾ ಹೇಳಿದ್ದು ಸಾಕಾಗಲಿಲ್ಲೇನವ್ವ?" ಎಂದು ಕೇಳಿದಳು.